ಮೆಟ್ಟುಗಾಲು ಹಕ್ಕಿಯೂ ದೊಡ್ಡಪ್ಪನ ಕಾಲೂ

ಯಾರೇ ಏನೇ ಹೇಳಲಿ, 'ಪುರಾವೆ ಏನು?' ಎಂದು ಕೇಳುವುದು ನನಗೆ ಅಂಟಿದ ಚಾಳಿ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಡಂ ಕಲಿಸಿದ್ದು ಅದನ್ನೇ. ಸ್ಪರ್ಧೆ ಮುಗಿದ ಮೇಲೆ ಬಿಟ್ಟುಬಿಡಿ ಎಂದು ಅವರು ಹೇಳಲಿಲ್ಲ. ಕಾಗೆ ಕೂಗಿದರೆ ನೆಂಟರು ಬರುತ್ತಾರೆಂದ ಅಮ್ಮನಿಗೆ, ಕೂಗಿಯೂ ನೆಂಟರು ಬಾರದ ದಿನಗಳನ್ನು ಬರೆದಿಟ್ಟಿದ್ದೀಯಾ ಎಂದು ಕೇಳಿದ್ದೆ. ಅಷ್ಟರಲ್ಲಿ ನೆಂಟರು ಬಂದೇಬಿಟ್ಟರು. ಕಾಕತಾಳೀಯ ಅಂದೆ. 'ಅಂಗಾರೆ ಆ ಕಾಕತಾಳೀಯಕ್ಕೆ ನೀನೇ ಕಾಫಿ ಕಾಸೋಗು' ಅಂದಳು ಅಮ್ಮ.

ಇಂಥ ನನಗೆ ಈ ಮಾಗಿಯಲ್ಲಿ ಮೆಟ್ಟುಗಾಲು ಹಕ್ಕಿಯ ಫೋಟೊ ತೆಗೆಯುವ ಹುಚ್ಚು ಹಿಡಿಯಿತು. ಕಪ್ಪು ರೆಕ್ಕೆ, ಬಿಳಿ ಹೊಟ್ಟೆ, ಬೇರೆ ಯಾರದೋ ಅಳತೆಗೆ ಮಾಡಿದ್ದನ್ನು ತಂದು ಜೋಡಿಸಿದಂಥ ಉದ್ದನೆಯ ಕೆಂಪು ಕಾಲು. ಉಡಿಗಾಲವೆಂಬ ಹಳ್ಳಿಯಲ್ಲಿರುವ ದೊಡ್ಡಪ್ಪನ ಹೊಲದ ಪಕ್ಕದ ಕೆರೆಗೆ ಚಾಮರಾಜನಗರದಿಂದ ಮೂರು ದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಹೋದೆ. ಮೂರು ದಿನವೂ ಹಕ್ಕಿ ಮರ್ಯಾದೆಯ ದೂರದಲ್ಲೇ ಉಳಿಯಿತು. ನಾಲ್ಕನೆಯ ದಿನ ದೊಡ್ಡಪ್ಪನೇ ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. 'ಉಳ್ತಿದ್ರೆ ಕೊಕ್ಕರೆ ಎತ್ತಿನ್ ಹಿಂದೆ ಬರಲ್ವಾ? ಇವತ್ತು ನಾನೇ ಎತ್ತು. ನೀ ಸುಮ್ಕಿರು ಕಣಮ್ಮಿ' ಎಂದು ಕೆಸರು ತುಳಿಯತೊಡಗಿದರು. ಹುಳುಗಳು ಮೇಲೆದ್ದವು. ಹಕ್ಕಿ ಅಳೆದು ಅಳೆದು ಹೆಜ್ಜೆಯಿಡುತ್ತಾ ಅವರ ಕಾಲ ಬುಡಕ್ಕೇ ಬಂತು. ಕ್ಲಿಕ್ಕಿಸಿದೆ.

ಮನೆಗೆ ಬಂದು ಚಿತ್ರ ತಿದ್ದಲು ಕೂತೆ. ಮಂಜಿನ ಮಬ್ಬು ತೆಗೆದೆ, ಹಕ್ಕಿಯ ಕಣ್ಣಿಗೆ ಹೊಳಪು ಕೊಟ್ಟೆ, ರಾಡಿ ನೀರನ್ನು ನೀಲಿ ಮಾಡಿದೆ. ಅಂಚಿನಲ್ಲಿ ಕೆಸರು ಮೆತ್ತಿದ ಎರಡು ಮನುಷ್ಯ ಕಾಲು ಉಳಿದಿದ್ದವು, ಅವನ್ನೂ ಒರೆಸಿದೆ. ಸೇವ್ ಮಾಡುವಾಗ ಮೂಲ ಚಿತ್ರದ ಮೇಲೆಯೇ ಮಾಡಿಬಿಟ್ಟೆ, ಮೂಲ ಅಳಿಸಿಹೋಯಿತು. ನಂತರ ಚಿತ್ರವನ್ನು ಪ್ರಿಂಟ್ ಮಾಡಿಸಿ, ಅದಕ್ಕೆ ಗಾಜಿನ ಕಟ್ಟು ಹಾಕಿಸಿಕೊಂಡು ಉಡಿಗಾಲಕ್ಕೆ ಹೊರಟೆ.

ದೊಡ್ಡಪ್ಪ ಟೀ ಅಂಗಡಿಯಲ್ಲಿದ್ದರು. ಹಕ್ಕಿ ತಮ್ಮ ಕಾಲ ಹತ್ತಿರ ಬಂದಿತ್ತೆಂದು ಅವರು ವಾರದಿಂದ ಹೇಳುತ್ತಲೇ ಇದ್ದರಂತೆ. ಪಕ್ಕದ ಹೊಲದ ಮಾದಪ್ಪನವರು 'ಎಲ್ಲಿ, ತೋರ್ಸು' ಅನ್ನುತ್ತಲೇ ಇದ್ದರಂತೆ. ಫೋಟೊ ಬಂತಲ್ಲ, ಎಲ್ಲರೂ ಮುತ್ತಿದರು. ದೊಡ್ಡಪ್ಪ ಕಟ್ಟನ್ನು ತಿರುಗಿಸಿ ಅದರ ಹಿಂಭಾಗವನ್ನೂ ನೋಡಿದರು.

'ನನ್ ಕಾಲೆಲ್ಲಮ್ಮಿ?'

'ಅಡ್ಡ ಬಂದಿತ್ತು ದೊಡ್ಡಪ್ಪ, ತೆಗೆದುಬಿಟ್ಟೆ.'

'ಅಡ್ಡವಾ? ಅದನ್ನ ಕರ್ದಿದ್ದೇ ಆ ಕಾಲು ಕಣಮ್ಮಿ!'

ಮಾದಪ್ಪನವರು ನಕ್ಕರು. 'ನಿನ್ ಕಾಲೂ ಇಲ್ಲ, ಇದು ನಮ್ ಕೆರೆ ನೀರೂ ಅಲ್ಲ. ಬುಡ್ಲಾ ಬುಡು.'

ನಾನು ಕಣ್ಣಾರೆ ಕಂಡಿದ್ದೇನೆ ಎಂದೆ. 'ನೀನು ಅವನ್ ಮನೆ ಮಗಳು ಕಣವ್ವ, ನಿನ್ ಸಾಕ್ಷಿ ನಡೆಯಕಿಲ್ಲ' ಎಂದರು. ವಾದದಲ್ಲಿ ಹುಳುಕಿರಲಿಲ್ಲ, ಅದೇ ಸಂಕಟ. ದೊಡ್ಡಪ್ಪ ಅರ್ಧ ಟೀ ಬಿಟ್ಟು ಎದ್ದು ಹೋದರು. ಎಪ್ಪತ್ತರ ಹತ್ತಿರದ ಮನುಷ್ಯ ಊರೆದುರು ಸುಳ್ಳನಾದದ್ದು ನನ್ನ ಕೈಚಳಕದಿಂದ.

ಮರುದಿನ ಬೆಳಿಗ್ಗೆ ಇಬ್ಬರನ್ನೂ ಕೆರೆಗೆ ಎಳೆದುಕೊಂಡು ಹೋದೆ. ದೊಡ್ಡಪ್ಪ ತುಳಿದರು. 'ಇದೇನ್ ಮಹಾ' ಎಂದು ಮಾದಪ್ಪನವರೂ ಇಳಿದರು. ಒಬ್ಬರನ್ನೊಬ್ಬರು ಸುತ್ತುತ್ತಾ, ತಳ್ಳುತ್ತಾ ತುಳಿಯುತ್ತಿರುವಾಗ ಹಕ್ಕಿ ಬಂದು ಸರಿಯಾಗಿ ನಟ್ಟನಡುವೆ ನಿಂತಿತು. ಕ್ಲಿಕ್ಕಿಸಿದೆ.

'ನನ್ ತಾವ್ಕೇ ಬಂದದ್ದು!'

'ಓಗ್ಲಾ, ನನ್ ಕಾಲ್ ನೋಡ್ಕೊಂಡು ಬಂತು!'

ದಡ ಹತ್ತಿದ ಮೇಲೂ ಜಗಳ ಮುಗಿಯಲಿಲ್ಲ. ಮಾದಪ್ಪನವರು ಕಾಲು ತೊಳೆಯಲು ಆಚೆ ಹೋದದ್ದೇ ತಡ, ದೊಡ್ಡಪ್ಪ ನನ್ನ ಕಿವಿಯ ಹತ್ತಿರ ಬಂದರು. 'ಅಮ್ಮಿ, ಅವನ್ ಕಾಲ್ನ ಒರ್ಸಾಕ್ಬುಡು. ನಿಂಗೆಂಗೂ ಬತ್ತದಲ್ಲ.'

ಅದು ಸುಳ್ಳಾಗುತ್ತದೆ ಎನ್ನಲು ನನಗೆ ಬಾಯೆಲ್ಲಿತ್ತು? ಲ್ಯಾಪ್‌ಟಾಪ್ ತೆರೆದು ಕೂತಿದ್ದೇನೆ. ಹಕ್ಕಿಯ ಗರಿ ಗರಿಯೂ ಸ್ಪಷ್ಟ. ಸುತ್ತ ನಾಲ್ಕು ಕಾಲು, ನಾಲ್ಕಕ್ಕೂ ಮೊಣಕಾಲವರೆಗೆ ಒಂದೇ ಕೆಸರು. ಇವುಗಳಲ್ಲಿ ದೊಡ್ಡಪ್ಪನವು ಯಾವುವೆಂದು ನನಗೆ ತಿಳಿಯುತ್ತಿಲ್ಲ. ಹೋಗಿ ಅವರನ್ನೇ ಕೇಳುವಷ್ಟು ಧೈರ್ಯವೂ ಇಲ್ಲ.