ಷಡ್ಡಕನ ಕಿವಿಯ ಬಿಳಿ ಗುಂಡಿಗಳು

"ಇವತ್ತಿಂದ ನನ್ನ ಕಿವಿಗೂ ನನ್ನ ಗೇಮಿಗೂ ನಡುವೆ ವೈರ್ ಅನ್ನೋದು ಇರಕೂಡದು!"

ನಮ್ಮ ಲಿಫ್ಟ್ ಮೆಕ್ಯಾನಿಕ್ ಹೀಗೆ ಗುಡುಗಿದಾಗ ಕೇಳಿಸಿಕೊಳ್ಳಲು ಇದ್ದವಳು ಅವನ ಹೆಂಡತಿ ಒಬ್ಬಳೇ. ಅವಳು ಒಗೆದ ಬಟ್ಟೆ ಮಡಚುತ್ತಿದ್ದಳು. "ಸರಿ, ಆ ತುದಿ ಹಿಡ್ಕೊಳ್ಳಿ" ಎಂದು ಬೆಡ್‌ಶೀಟಿನ ಒಂದು ಕೊನೆಯನ್ನು ಅವನ ಕೈಗೆ ಕೊಟ್ಟಳು. ಬೆಡ್‌ಶೀಟು ಹಿಡಿದುಕೊಂಡು ಮಾಡಿದ ಭೀಷ್ಮಪ್ರತಿಜ್ಞೆ ಪ್ರಪಂಚದಲ್ಲಿ ಇದೊಂದೇ ಇರಬೇಕು.

ಪ್ರತಿಜ್ಞೆಗೆ ಕಾರಣ ಅವನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಹಲ್ಲಿನ ಡಾಕ್ಟರು. ಅತ್ತೆ ಮನೆಯಲ್ಲಿ ಡಾಕ್ಟರು ಕಾಲಿಟ್ಟರೆ ಎಲ್ಲರಿಗೂ ಒಳ್ಳೆಯ ಕುರ್ಚಿ ಎಲ್ಲಿದೆ ಎಂದು ನೆನಪಾಗುತ್ತದೆ. ಮೆಕ್ಯಾನಿಕ್ ಕಾಲಿಟ್ಟರೆ ಸೋರುವ ನಲ್ಲಿ ನೆನಪಾಗುತ್ತದೆ. ಇದನ್ನೆಲ್ಲ ಅವನು ಹೇಗೋ ನುಂಗಿಕೊಂಡಿದ್ದ. ನುಂಗಲಾರದ ತುತ್ತಾದದ್ದು ಗೇಮಿನ ವಿಷಯ.

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ಇಬ್ಬರ ಹತ್ತಿರವೂ ಇತ್ತು. ಅದೇ ಕಂಪನಿ, ಅದೇ ಮಾಡೆಲ್, ಬಣ್ಣ ಮಾತ್ರ ಬೇರೆ. ಮೆಕ್ಯಾನಿಕ್ ಆಡಲು ಕೂತರೆ ಪೀಂಪೀಂ, ಢಮಾರ್, ಟಣ್ ಟಣ್ ಎಂದು ಮನೆಯೆಲ್ಲ ಯುದ್ಧಭೂಮಿ. ಸದ್ದು ಬೇಡವೆಂದು ಇಯರ್‌ಫೋನ್ ಸಿಕ್ಕಿಸಿದರೆ ಅದರ ವೈರು ಬಾಗಿಲ ಹಿಡಿಗೆ ತಗುಲಿಕೊಂಡು ಕನ್ಸೋಲು ನೆಲಕ್ಕೆ, ಇವನ ಕಿವಿ ಬಾಗಿಲಿಗೆ! ಡಾಕ್ಟರಾದರೋ ಕಿವಿಯಲ್ಲಿ ಎರಡು ಬಿಳಿ ಗುಂಡಿ ಇಟ್ಟುಕೊಂಡು, ವೈರಿಲ್ಲದೆ, ಸದ್ದಿಲ್ಲದೆ, ತಪಸ್ಸಿಗೆ ಕೂತವರಂತೆ ಆಡುತ್ತಿದ್ದರು. ಯಾರು ಕರೆದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಕಳೆದ ಸಲ ಎಲ್ಲರೂ ಸೇರಿದ್ದಾಗ ಹೆಂಡತಿ, "ಭಾವ ಆಡ್ತಿದಾರೆ ಅಂತಾನೇ ಗೊತ್ತಾಗಲ್ಲ. ಎಷ್ಟು ನಯ!" ಎಂದುಬಿಟ್ಟಳು. ಆ ಒಂದು ಮಾತಿಗೆ ಮೆಕ್ಯಾನಿಕ್ಕಿನ ಹೊಟ್ಟೆಯಲ್ಲಿ ಹತ್ತಿಕೊಂಡ ಕಿಚ್ಚಿನಲ್ಲಿ ಒಂದು ಹಂಡೆ ನೀರು ಕಾಯಿಸಬಹುದಿತ್ತು.

ಅಂದೇ ಮೆತ್ತಗೆ ಡಾಕ್ಟರ ಪಕ್ಕ ಕೂತು, ಆ ಗುಂಡಿಗಳನ್ನು ಕನ್ಸೋಲಿಗೆ ಕೂಡಿಸಿದ್ದು ಹೇಗೆ ಎಂದು ಕೇಳಿದ್ದ. ಡಾಕ್ಟರಿಗೆ ಮೂರು ಸಲ ಕೇಳಿಸಲಿಲ್ಲ. ನಾಲ್ಕನೆಯ ಸಲ, "ಸೆಟ್ಟಿಂಗ್ಸಲ್ಲಿ ಇರುತ್ತಲ್ಲ" ಎಂದು ಮತ್ತೆ ತಪಸ್ಸಿಗೆ ಹೋದರು.

ಮೆಕ್ಯಾನಿಕ್ ಪೇಟೆಗೆ ಹೋಗಿ ಅಂಥವೇ ಬಿಳಿ ಗುಂಡಿ ತಂದ. ಹೆಂಡತಿಯ ಫೋನಿಗೆ ಅವು ಕರೆದ ಕೂಡಲೇ ಬಂದು ಸೇರಿಕೊಂಡವು. ಕನ್ಸೋಲಿನ ಹತ್ತಿರ ತಂದರೆ ಮಿಣುಕು ಮಿಣುಕು ಎನ್ನುವುದೊಂದೇ ಕೆಲಸ. ಸೆಟ್ಟಿಂಗ್ಸಿನಲ್ಲಿ ಬೆಳಕಿತ್ತು, ಭಾಷೆಯಿತ್ತು, ಇಂಟರ್ನೆಟ್ ಇತ್ತು. ಸದ್ದನ್ನು ಕಿವಿಗೆ ಗಾಳಿಯಲ್ಲಿ ಕಳಿಸುವ ಜಾಗ ಮಾತ್ರ ಇರಲಿಲ್ಲ. ಹದಿನಾಲ್ಕು ಅಂತಸ್ತಿನ ಕಟ್ಟಡದ ಲಿಫ್ಟನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸುವ ಭೂಪನಿಗೆ ಇದು ಬಗ್ಗಲಿಲ್ಲ. ಡಾಕ್ಟರಿಗೆ ಸಿಕ್ಕಿದ್ದು ತನಗೆ ಸಿಗುತ್ತಿಲ್ಲವಲ್ಲ ಎಂದು ಹಲ್ಲು ಕಡಿದ. ಮತ್ತೆ ಹೋಗಿ ಡಾಕ್ಟರನ್ನೇ ಕೇಳುವುದೇ? ಅದಕ್ಕಿಂತ ಒಂದು ಹಲ್ಲು ಕೀಳಿಸಿಕೊಳ್ಳುವುದು ಮೇಲು.

ಅಷ್ಟರಲ್ಲಿ ಹೆಂಡತಿ ಬಂದು ಆಯಿತೇ ಎಂದಳು. "ಓ, ಆಗಲೇ ಆಯ್ತಲ್ಲ" ಎಂದು ಬಾಯಿ ತಾನಾಗಿ ಹೇಳಿಬಿಟ್ಟಿತು.

"ಕೊಡಿ, ನಾನೂ ಒಂದ್ಸಲ ಕೇಳ್ತೀನಿ."

"ಒಬ್ಬರ ಕಿವೀದು ಇನ್ನೊಬ್ಬರು ಹಾಕ್ಕೋಬಾರದು. ನಿಮ್ಮ ಭಾವನ್ನೇ ಕೇಳು."

"ಅವರು ಹಲ್ಲಿನ ಡಾಕ್ಟ್ರು" ಎಂದಳು ಹೆಂಡತಿ. ಆದರೆ ಬಿಟ್ಟುಬಿಟ್ಟಳು.

ಭಾನುವಾರ ಎಲ್ಲರೂ ಅತ್ತೆ ಮನೆಯಲ್ಲಿ ಸೇರಿದರು. ಸೋಫಾದ ಒಂದು ಮೂಲೆಯಲ್ಲಿ ಡಾಕ್ಟರು, ಇನ್ನೊಂದು ಮೂಲೆಯಲ್ಲಿ ಮೆಕ್ಯಾನಿಕ್. ಇಬ್ಬರ ಕಿವಿಯಲ್ಲೂ ಬಿಳಿ ಗುಂಡಿ! ಮೆಕ್ಯಾನಿಕ್ ಕನ್ಸೋಲಿನ ಸದ್ದನ್ನು ಪೂರ್ತಿ ಇಳಿಸಿ, ಇಲ್ಲದ ಸಂಗೀತಕ್ಕೆ ತಲೆದೂಗತೊಡಗಿದ. ಅತ್ತೆ ಬಂದು ನಲ್ಲಿಯ ವಿಷಯ ಎತ್ತಿದರು, ಇವನು ಕಣ್ಣೆತ್ತಲಿಲ್ಲ. ಅತ್ತೆ ನಿಟ್ಟುಸಿರು ಬಿಟ್ಟು ಹೋದರು. ಆಹಾ, ಡಾಕ್ಟರು ಇಷ್ಟು ವರ್ಷ ಒಬ್ಬರೇ ಅನುಭವಿಸುತ್ತಿದ್ದ ಸ್ವರ್ಗ ಇದೇ ಎಂದು ಅವನಿಗೆ ಅರ್ಥವಾಯಿತು.

ಸ್ವರ್ಗ ಬಹಳ ಹೊತ್ತು ಉಳಿಯಲಿಲ್ಲ. ಅಕ್ಕತಂಗಿಯರು ಒಂದು ಬುಟ್ಟಿ ಬಟಾಣಿ ತಂದುಕೊಂಡು ಎದುರಿಗೇ ಸುಲಿಯಲು ಕೂತರು.

"ಇವರಿಬ್ಬರಿಗೂ ಏನೂ ಕೇಳಿಸಲ್ಲ, ಆರಾಮಾಗಿ ಮಾತಾಡು" ಎಂದಳು ಅಕ್ಕ.

ತಂಗಿ ಆರಾಮಾಗಿಯೇ ಶುರುಮಾಡಿದಳು. ಮೊದಲು ಭಾವನ ತಾಳ್ಮೆಯನ್ನು ಹೊಗಳಿದಳು, ಆಮೇಲೆ ಅವರ ಮೆಲುದನಿಯನ್ನು, ಆಮೇಲೆ ಅವರು ಶರ್ಟಿಗೆ ಇಸ್ತ್ರಿ ಹಾಕುವ ರೀತಿಯನ್ನು. ಒಂದೊಂದು ಹೊಗಳಿಕೆಗೂ ಮೆಕ್ಯಾನಿಕ್ ಆಟದಲ್ಲಿ ಒಂದೊಂದು ಸಲ ಸತ್ತ. ಅಕ್ಕ ತನ್ನ ಗಂಡನ ಹುಳುಕು ಎತ್ತಿ, ಬಲ್ಬು ಬದಲಾಯಿಸಲೂ ಜನ ಕರೆಸುತ್ತಾರೆ, ಜಿರಳೆ ಕಂಡರೆ ಮಂಚ ಹತ್ತುತ್ತಾರೆ ಎಂದಳು. ಡಾಕ್ಟರ ಕಿವಿ ಕೆಂಪಗಾಯಿತು. ಮೆಕ್ಯಾನಿಕ್ ಅದನ್ನು ನೋಡಿದ, ಆದರೆ ಉರಿಯುವುದರಲ್ಲಿ ಮುಳುಗಿದ್ದವನಿಗೆ ಏನೂ ಹೊಳೆಯಲಿಲ್ಲ. ಅವನಿಗೆ ಬೇಕಿದ್ದದ್ದು ಹೆಂಡತಿಯ ಬಾಯಿಂದ ತನಗೂ ಒಂದೇ ಒಂದು ಒಳ್ಳೆಯ ಮಾತು.

"ನಿನ್ನ ಗಂಡನಿಗಾದ್ರೂ ಧೈರ್ಯ ಇದೆ ಕಣೇ" ಎಂದಳು ಅಕ್ಕ.

ಮೆಕ್ಯಾನಿಕ್ ಉಸಿರು ಬಿಗಿಹಿಡಿದು ಕಾದ.

"ಎಲ್ಲಿಯ ಧೈರ್ಯ ಅಕ್ಕ! ಹೋದ ತಿಂಗಳು ನಮ್ಮ ಬಿಲ್ಡಿಂಗ್ ಲಿಫ್ಟಲ್ಲಿ ಇವರೇ ಸಿಕ್ಕಿಹಾಕಿಕೊಂಡಿದ್ರು. ಕರೆಂಟು ಬರೋವರೆಗೂ ನಾನು ಹೊರಗೆ ಕೂತು ಸಮಾಧಾನ ಮಾಡಿದ್ದೀನಿ. ಒಳಗೆ ಒಂದೇ ಸಮನೆ ಅಳು."

"ಅತ್ತಿಲ್ಲ!" ಮೆಕ್ಯಾನಿಕ್ ಎದ್ದುನಿಂತು ಕೂಗಿದ. "ಅದು ನೆಗಡಿ! ಮೂಗು ಸೋರ್ತಿತ್ತು ಅಷ್ಟೇ!"

ಅಕ್ಕತಂಗಿಯರ ಕೈಯಲ್ಲಿದ್ದ ಬಟಾಣಿ ಅಲ್ಲೇ ನಿಂತಿತು. ತಾನೇನು ಮಾಡಿಕೊಂಡೆ ಎಂದು ಮೆಕ್ಯಾನಿಕ್ಕಿಗೆ ತಿಳಿಯುವ ಮೊದಲೇ ಸೋಫಾದ ಆ ಮೂಲೆಯಿಂದ, ದಿನವಿಡೀ ಕುರ್ಚಿಯಲ್ಲಿ ಮಲಗಿದವರಿಗೆ ಹೇಳಿ ಹೇಳಿ ಅಭ್ಯಾಸವಾದ ಮೆಲುದನಿ ಬಂತು. ಡಾಕ್ಟರು ಕನ್ಸೋಲಿನಿಂದ ಕಣ್ಣು ಕೀಳದೆಯೇ ಹೇಳಿದರು:

"ಏನೂ ಆಗಲ್ಲ, ಏನೂ ಆಗಲ್ಲ. ಅಳೋದಕ್ಕೆ ನಾಚಿಕೆ ಯಾಕೆ? ನನ್ನ ಹತ್ರ ಬರೋ ದೊಡ್ಡದೊಡ್ಡ ಗಂಡಸರೇ ಅಳ್ತಾರೆ."

ಹೇಳಿದ ಮೇಲೆ ಅವರಿಗೂ ಹೊಳೆಯಿತು. ಬೆರಳುಗಳು ಕನ್ಸೋಲಿನ ಗುಂಡಿಯ ಮೇಲೆಯೇ ಮರಗಟ್ಟಿದವು.

"ರೀ," ಎಂದಳು ಅಕ್ಕ ನಿಧಾನವಾಗಿ, "ನಿಮಗೆ ಕೇಳಿಸ್ತಿದೆಯಾ?"

ಡಾಕ್ಟರು ಬಿಳಿ ಗುಂಡಿಗಳನ್ನು ಒಂದೊಂದಾಗಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಈ ಮಾಡೆಲ್ಲಿಗೆ ವೈರಿಲ್ಲದ ಇಯರ್‌ಫೋನ್ ಕೂಡಿಸಲು ಬರುವುದೇ ಇಲ್ಲವೆಂದು ಅಂಗಡಿಯವನು ಕೊಳ್ಳುವಾಗಲೇ ಹೇಳಿದ್ದನಂತೆ. ದಿನವೆಲ್ಲ ಡ್ರಿಲ್ಲಿನ ಸದ್ದು ಕೇಳಿ ಮನೆಗೆ ಬಂದರೆ ಯಾರೂ ಕರೆಯಬಾರದು ಅನಿಸುತ್ತಿತ್ತಂತೆ. ಗುಂಡಿ ಹಾಕಿಕೊಂಡರೆ ಯಾರೂ ಕರೆಯುತ್ತಿರಲಿಲ್ಲವಂತೆ. "ಈ ಗೇಮಿಗೆ ಎಂಥಾ ಸದ್ದು ಇದೆ ಅಂತ ನಾನು ಕೇಳಿದ್ದು ಇವರು ಆಡುವಾಗಲೇ" ಎಂದು ಮೆಕ್ಯಾನಿಕ್ಕಿನ ಕಡೆ ನೋಡಿದರು. "ಎಷ್ಟು ಹೊಟ್ಟೆ ಉರೀತಿತ್ತು ಗೊತ್ತಾ?"

ಡಾಕ್ಟರಿಗೆ ತನ್ನನ್ನು ಕಂಡು ಹೊಟ್ಟೆಯುರಿ! ಮೆಕ್ಯಾನಿಕ್ಕಿನ ಎದೆ ಒಂದು ಗೇಣು ಉಬ್ಬಿತು. ಅಕ್ಕ ಬಟಾಣಿ ಬುಟ್ಟಿಯನ್ನು ಡಾಕ್ಟರ ಮಡಿಲಿಗೆ ತಳ್ಳಿದಳು. ಅವರು ತೆಪ್ಪಗೆ ಸುಲಿಯತೊಡಗಿದರು. ಇದನ್ನು ಕಂಡು ಇವನ ಎದೆ ಇನ್ನೊಂದು ಗೇಣು ಉಬ್ಬಿತು. ಗೆದ್ದವನ ಗತ್ತಿನಲ್ಲಿ ಹೆಂಡತಿಯ ಕಡೆ ತಿರುಗಿದ.

"ನೋಡಿದ್ಯಾ ನಿನ್ನ ಭಾವನ್ನ? ಎಲ್ಲಾ ನಾಟಕ. ನಾನೂ ಅವರೂ ಈಗ ಒಂದೇ."

ಹೆಂಡತಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಲ್ಲಿಯ ಒಂದೇ ರೀ? ಭಾವ ಇಷ್ಟು ವರ್ಷ ಆಡಿದ್ರೂ ಯಾರಿಗೂ ಗೊತ್ತಾಗಲಿಲ್ಲ. ನಿಮಗೆ ಅರ್ಧ ಬುಟ್ಟಿ ಬಟಾಣಿ ಸುಲಿಯೋವರೆಗೂ ತಡೆಯೋಕಾಗಲಿಲ್ಲ."