ಅತ್ತೆಯ ಪರಾತ ಕುಸ್ತಿಗೆ ಹೋದದ್ದು

ನಮ್ಮ ಸೋದರತ್ತೆ ಇಡೀ ಜೀವಮಾನದಲ್ಲಿ ಯಾರ ಮೇಲೂ ಕೈ ಎತ್ತಿದವಳಲ್ಲ. ಅಂಥವಳು ಅರವತ್ತು ದಾಟಿದ ಮೇಲೆ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಹರಪನಹಳ್ಳಿಯ ಕಾಲೇಜೊಂದರ ಅಂಗಳದಲ್ಲಿ ಎಂಜಿನಿಯರಿಂಗ್ ಹುಡುಗರ ಎದುರು ಕಾಳಗಕ್ಕೆ ನಿಂತಳು ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಪಕ್ಕದಲ್ಲೇ ನಿಂತು ನೋಡಿದ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಕೊಟ್ಟೂರಿನಲ್ಲಿ ಅತ್ತೆ, ಮಾವನದು ಹಿಟ್ಟಿನ ಗಿರಣಿ. ಗಿರಣಿಗೆ ಬಂದ ಸೊಸೆ ಜೋಳ ಬೀಸುವುದನ್ನು ಕಲಿತರೆ ಸಾಕಿತ್ತು. ಈಕೆ ಗಿರಣಿಯನ್ನೇ ಬಿಚ್ಚುವುದನ್ನು ಕಲಿತಳು. ಬೇರೆ ಹೆಂಗಸರು ನೆಂಟರ ಮನೆಗೆ ಹೋದರೆ ಸೀರೆ, ಒಡವೆ ನೋಡುತ್ತಾರೆ. ನಮ್ಮತ್ತೆ ಮಿಕ್ಸಿಯನ್ನು ಬೋರಲು ಹಾಕಿ ಅದರ ತಳ ನೋಡುತ್ತಾಳೆ. ನನ್ನ ಮನೆಯ ಗೃಹಪ್ರವೇಶದ ದಿನ ಹೋಳಿಗೆ ಬಡಿಸುವ ಹೊತ್ತಿಗೆ ಅತ್ತೆ ಕಾಣಲಿಲ್ಲ. ಹುಡುಕಿದರೆ ಹೊಸ ಫ್ರಿಜ್ಜಿನ ಹಿಂದೆ ಕುಳಿತಿದ್ದಳು. ಅದರ ಸದ್ದು ಸರಿ ಇರಲಿಲ್ಲವಂತೆ. ಸದ್ದೇನೋ ನಿಂತಿತು, ಜೊತೆಗೆ ಫ್ರಿಜ್ಜೂ ನಿಂತಿತು. ಮರುದಿನ ತಾನೇ ಬಂದು ಅದನ್ನು ಮತ್ತೆ ನಡೆಸಿಕೊಟ್ಟಳು. ಈ ಮಾತು ಹೇಳದಿದ್ದರೆ ಅನ್ಯಾಯವಾದೀತು.

ಹೋದ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಕಾಲು ಅಷ್ಟಿಷ್ಟು ಬಂದು ಕೋಲು ಹಿಡಿದು ನಡೆಯುವಂತಾದ. ಕೈ ಮಾತ್ರ ಬರಲೇ ಇಲ್ಲ. ಮಾತಿಗೆ ಏನೂ ಆಗಿರಲಿಲ್ಲ, ಆದರೆ ಆಡುವುದನ್ನೇ ಬಿಟ್ಟ. ಗಿರಣಿಯ ಒಳಗಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಯಾರಾದರೂ ಮಾತಾಡಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಗಿರಣಿ ನಡೆಸುವ ಭಾರವೆಲ್ಲ ಅತ್ತೆಯ ಮೇಲೆ ಬಿತ್ತು. ಇನ್ನಾದರೂ ಅವಳ ಹುಚ್ಚಾಟ ನಿಲ್ಲುತ್ತದೆ ಎಂದುಕೊಂಡೆವು.

ನಾನು ಕೂಡ್ಲಿಗಿಯಲ್ಲಿ ಶಾಲೆಯ ಟೀಚರು. ಒಂದು ಮಧ್ಯಾಹ್ನ ಅತ್ತೆಯ ಫೋನು ಬಂತು.

"ಲೇ ಯವ್ವಾ, ಎಂಟು ಕಿಲೋದೊಳಗ ಇರಬೇಕಂತ. ಎದುರಿಗಿಂದನ್ನ ಬಡದು ಕೆಡವಬೇಕಂತ. ನಾ ಒಂದು ತಯಾರ ಮಾಡಾಕತ್ತೀನಿ."

ನಾನು ಹುಂಜದ ಮಾತೆಂದು ತಿಳಿದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಕಾಳಗದ ಹುಂಜವೇ ಎಂದು ಗಾಬರಿಯಾಯಿತು. ಅದು ಹುಂಜವಲ್ಲ, ರಿಮೋಟಿನಿಂದ ನಡೆಯುವ ಯಂತ್ರ ಎಂದು ಗೊತ್ತಾದಾಗ ಸಮಾಧಾನ ಆಗಬೇಕಿತ್ತು. ಇನ್ನಷ್ಟು ಗಾಬರಿಯಾಯಿತು. ಬಸ್ ನಿಲ್ದಾಣದ ಗೋಡೆಯ ಮೇಲೆ ರೋಬೋಟ್ ಕಾಳಗದ ಪೋಸ್ಟರ್ ಅಂಟಿಸಿದ್ದರಂತೆ. ಅದರಲ್ಲಿ 'ಎಲ್ಲರಿಗೂ ಪ್ರವೇಶವಿದೆ' ಎಂದು ಇತ್ತಂತೆ. ಎಲ್ಲರೂ ಎಂದ ಮೇಲೆ ತಾನೂ ಅದರಲ್ಲಿ ಬಂದಂತಾಯಿತಲ್ಲ ಎಂಬುದು ಅತ್ತೆಯ ವಾದ. ಕನ್ನಡ ಟೀಚರಾದ ನಾನು ಆ ವಾಕ್ಯದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಭಾನುವಾರ ಓಡಿಹೋಗಿ ನೋಡಿದೆ. ಗುಜರಿ ಅಂಗಡಿಯಿಂದ ಹಳೆಯ ಜೀಪುಗಳ ವೈಪರ್ ಮೋಟರು ಎರಡು ಬಂದಿದ್ದವು. ಹೊಲಕ್ಕೆ ಔಷಧಿ ಹೊಡೆಯುವ ಪಂಪಿನ ಬ್ಯಾಟರಿ ಕಳಚಿಕೊಂಡಿತ್ತು. ಚಕ್ರಗಳು ಯಾವುದೋ ಮಗುವಿನ ಮೂರು ಗಾಲಿ ಸೈಕಲ್ಲಿನವು. ಹೊಸದು ಎಂದರೆ ರಿಮೋಟು ಮತ್ತು ಮೋಟರಿಗೆ ಕರೆಂಟು ಹಂಚುವ ಒಂದು ಪುಟ್ಟ ಬೋರ್ಡು ಮಾತ್ರ; ಅವನ್ನು ನನ್ನ ಫೋನಿನಿಂದಲೇ ತರಿಸಿದಳು. ಇವೆಲ್ಲದರ ಮೇಲೆ ರಕ್ಷಾಕವಚವಾಗಿ ಬೋರಲು ಬಿದ್ದಿದ್ದದ್ದನ್ನು ಬಗ್ಗಿ ಮುಟ್ಟಿ ನೋಡಿದೆ. ಅದು ನಮ್ಮಜ್ಜಿ ರೊಟ್ಟಿಯ ಹಿಟ್ಟು ನಾದುತ್ತಿದ್ದ ದಪ್ಪ ಕಬ್ಬಿಣದ ಪರಾತ! ಅದರ ಅಂಚು ಇಳಿಜಾರಾಗಿರುವುದರಿಂದ ಎದುರಾಳಿಯ ಹೊಡೆತ ಜಾರಿಹೋಗುತ್ತದೆ ಎಂದು ಅತ್ತೆ ವಿವರಿಸಿದಳು. ರೊಟ್ಟಿಗೆ ಏನು ಗತಿ ಎಂದೆ. ಆ ವಾರವೆಲ್ಲ ಉಪ್ಪಿಟ್ಟಂತೆ.

ಮೊದಲ ಪರೀಕ್ಷೆ ಗಿರಣಿಯ ಮುಂದಿನ ರಸ್ತೆಯಲ್ಲೇ ನಡೆಯಿತು. ಅತ್ತೆ ಮುಂದಕ್ಕೆ ಒತ್ತಿದಳು. ಪರಾತ ಹಿಂದಕ್ಕೆ ಹೊರಟಿತು. ವೈರು ಅದಲುಬದಲಾಗಿದ್ದವು. ಅವಳು ಗಾಬರಿಯಲ್ಲಿ ಇನ್ನೂ ಜೋರಾಗಿ ಒತ್ತಿದಳು. ಅದೇ ಹೊತ್ತಿಗೆ ಒಬ್ಬ ಕುರುಬರ ಹಿರಿಯ ತನ್ನ ಹಿಂಡು ಹೊಡೆದುಕೊಂಡು ಬರುತ್ತಿದ್ದ. ಪರಾತ ನೇರವಾಗಿ ಕುರಿಗಳ ಕಾಲ ಸಂದಿಯಲ್ಲಿ ನುಗ್ಗಿತು. ಕುರಿಗಳು ದಿಕ್ಕಾಪಾಲಾದವು. ಜೋಳದ ಚೀಲ ಹಿಡಿದು ಸರದಿಯಲ್ಲಿದ್ದ ಹೆಂಗಸೊಬ್ಬಳು ತೂಕದ ಯಂತ್ರದ ಮೇಲೆ ಹತ್ತಿ ನಿಂತಳು. ಹಿರಿಯ ಮಾತ್ರ ಅಲುಗಾಡದೆ ನಿಂತು ನೋಡಿದ.

"ಏನ್ರಿ ಅಕ್ಕಾರ ಇದು?"

"ಪರಾತ," ಎಂದಳು ಅತ್ತೆ.

ಆತ ಪರಾತವನ್ನು ಕೋಲಿನಿಂದ ಒಮ್ಮೆ ತಟ್ಟಿ ನೋಡಿದ. ಆಮೇಲೆ ಕುರಿ ಎಣಿಸಿಕೊಂಡು, ಹಿಂತಿರುಗಿ ನೋಡದೆ ಹೋದ.

ಕಾಳಗದ ದಿನ ಅತ್ತೆ ಮಾವನನ್ನೂ ಹೊರಡಿಸಿದಳು. ಹರಪನಹಳ್ಳಿಯಲ್ಲಿ ಹೊಸ ಡಾಕ್ಟರು ಬಂದಿದ್ದಾರೆ, ತೋರಿಸಿಕೊಂಡು ಬರೋಣ ಎಂದು ಹಸಿ ಸುಳ್ಳು ಹೇಳಿದ್ದಳು. ಲಕ್ವ ಹೊಡೆದ ಮೇಲೆ ಮಾವ ಊರು ಬಿಟ್ಟದ್ದು ಅದೇ ಮೊದಲು. ಡಾಕ್ಟರ ಬಳಿಗೆ ಹೋಗುವಾಗ ಅತ್ತೆಯ ಕೈಯ ಗೋಣಿಚೀಲದಲ್ಲಿ ಏನಿದೆ ಎಂದು ಅವನು ಕೇಳಲೂ ಇಲ್ಲ. ಅಷ್ಟರ ಮಟ್ಟಿಗೆ ಈ ಲೋಕದ ಗೊಡವೆ ಬಿಟ್ಟಿದ್ದ.

ಕಾಲೇಜಿನಲ್ಲಿ ಮೊದಲು ತೂಕ. ಪರಾತ ಎಂಟು ಕಿಲೋಗಿಂತ ತುಸು ಹೆಚ್ಚು ತೂಗಿತು. ಹುಡುಗರು ಅಲ್ಲಲ್ಲಿ ತೂತು ಕೊರೆದು ತೂಕ ಇಳಿಸಿ ಎಂದು ಸಲಹೆ ಕೊಟ್ಟರು. ಅತ್ತೆ ಅದಕ್ಕೆ ಕಟ್ಟಿದ್ದ ಪೂಜೆಯ ಹೂವಿನ ಸರ, ಎರಡು ನಿಂಬೆಹಣ್ಣು ಬಿಚ್ಚಿದಳು. ಮುಳ್ಳು ಸರಿಯಾಗಿ ಎಂಟಕ್ಕೆ ಬಂದು ನಿಂತಿತು. ನಿಂಬೆಹಣ್ಣನ್ನು ತೂಕ ನೋಡುತ್ತಿದ್ದ ಹುಡುಗನಿಗೇ ಕೊಟ್ಟು, ಪಾನಕ ಮಾಡಿಕೊಂಡು ಕುಡಿ ಎಂದಳು.

ಎದುರಾಳಿಗಳು ಕಪ್ಪು ಅಂಗಿಯ ನಾಲ್ವರು. ಅವರ ಯಂತ್ರದ ಮುಂದೆ ಕಬ್ಬಿಣದ ಅಲಗು ಗಿರ್ರನೆ ತಿರುಗುತ್ತಿತ್ತು. ಕಣದ ಸುತ್ತ ಕಟ್ಟಿದ್ದ ದಪ್ಪ ಗಾಜಿನ ಗೋಡೆಯ ಹೊರಗೆ ನಿಂತು ನಾನು ಕೈ ಮುಗಿದೆ. ಯಾರಿಗೆಂದು ಗೊತ್ತಿಲ್ಲ. ನಮ್ಮ ಯಂತ್ರದ ಚಾಲಕನ ಹೆಸರನ್ನು ಮೈಕಿನಲ್ಲಿ ಕೂಗಿದರು. ಕೂಗಿದ ಹೆಸರು ಮಾವನದು.

ಮಾವ ತಿರುಗಿ ನೋಡಿದ. ಅತ್ತೆ ಅವನ ಎಡಗೈಯಲ್ಲಿ ರಿಮೋಟು ಇಟ್ಟಳು.

"ನನಗ ಕಣ್ಣು ಮಂಜಾಗ್ಯಾವ, ದೂರಿಂದು ಕಾಣಂಗಿಲ್ಲ," ಎಂದಳು. "ನೀವ ನಡಸ್ರಿ. ಒಂದ ಕಡ್ಡಿ ಐತಿ. ಹೆಬ್ಬಟ್ಟು ಸಾಕು."

ಗಿರಣಿಯ ಬಾಗಿಲಲ್ಲಿ ಕುಳಿತು ಆಚೆ ರಸ್ತೆಯ ಬಸ್ಸಿನ ಬೋರ್ಡು ಓದುವ ಕಣ್ಣು ಅವು! ಮಾವ ರಿಮೋಟನ್ನು ನೆಲಕ್ಕೆ ಎಸೆಯುತ್ತಾನೆ ಎಂದೇ ಅಂದುಕೊಂಡೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ಎದುರಿನ ಅಲಗು ಬಂದು ಅಜ್ಜಿಯ ಪರಾತಕ್ಕೆ ಬಡಿಯಿತು. ಆ ಸದ್ದಿಗೆ ಮಾವನ ಹೆಬ್ಬೆರಳು ತಾನಾಗಿ ಅಲುಗಿತು. ಪರಾತ ನಿಂತಲ್ಲೇ ಒಂದು ಸುತ್ತು ಹಾಕಿತು. ಜನ ನಕ್ಕರು. ಮಾವ ಹಲ್ಲು ಕಚ್ಚಿದ. ಎರಡನೇ ಹೊಡೆತ ಬರುವಷ್ಟರಲ್ಲಿ ಅವನು ಪರಾತವನ್ನು ಓರೆಯಾಗಿ ತಿರುಗಿಸಿದ. ಎದುರಾಳಿ ಇಳಿಜಾರಿನ ಮೇಲೆ ಅರ್ಧ ಹತ್ತಿ ಗಾಲಿ ಮೇಲೆ ಮಾಡಿತು. ಮಾವ ಅದನ್ನು ಹಾಗೆಯೇ ಗೋಡೆಯವರೆಗೆ ನೂಕಿದ. ಕೋಲು ಯಾವಾಗ ಕೆಳಗೆ ಬಿತ್ತೋ ನಮಗೆ ಯಾರಿಗೂ ಗೊತ್ತಾಗಲಿಲ್ಲ.

ಗೆದ್ದೆವು ಎನ್ನಬೇಡಿ. ಆಮೇಲೆ ನಮ್ಮದೊಂದು ಗಾಲಿ ಕಳಚಿ ಹಾರಿತು, ತೀರ್ಪು ಆ ಕಡೆಗೆ ಹೋಯಿತು. ಆದರೆ ಕಪ್ಪು ಅಂಗಿಯವರು ಬಂದು ಮಾವನ ಎಡಗೈ ಕುಲುಕಿ, ಓರೆ ತಿರುಗಿಸಿದ್ದು ಹೇಗೆ ಎಂದು ಕೇಳಿದರು. ಮಾವ ಅರ್ಧ ಗಂಟೆ ಹೇಳಿದ. ಅಷ್ಟೂ ಹೊತ್ತು ಅತ್ತೆ ಕಂಬದ ಮರೆಯಲ್ಲಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಬಿಸಿಲು ಬಹಳ ಎಂದಳು.

ಸಂಜೆಯ ಬಸ್ಸಿನಲ್ಲಿ ಅತ್ತೆ ಕುಳಿತ ತಕ್ಷಣ ನಿದ್ದೆ ಹೋದಳು. ತಲೆ ಮಾವನ ಬಲ ಭುಜಕ್ಕೆ ವಾಲಿತ್ತು. ಬಸ್ಸು ಕುಲುಕಿದಾಗಲೆಲ್ಲ ಜಾರುತ್ತಿತ್ತು. ಮಾವನಿಗೆ ಭಾರವಾದೀತೆಂದು ನಾನು ಎಬ್ಬಿಸಲು ಹೋದೆ. ಅವನು ಎಡಗೈ ಎತ್ತಿ ತಡೆದ.

"ಮಲಗಲಿ ಬಿಡವ್ವಾ," ಎಂದ. "ಈ ಭುಜಕ್ಕ ಏನೂ ಗೊತ್ತಾಗಂಗಿಲ್ಲ ಅಂತ ಆಕಿಗೆ ಗೊತ್ತೈತಿ. ಆದ್ರೂ ದಿನಾ ಈ ಕಡೀಗೇ ಬಂದು ಕುಂದರ್ತಾಳ."