ಪರದೆ ಹಿಂದಿನ ಟೀಮು

ಮನೆಯಲ್ಲಿ ನನ್ನ ಮಾತು ಅಂತಿಮವಾದದ್ದು ನನಗೆ ನೆನಪಿಲ್ಲ. ಹುಳಿಗೆ ಬದನೆಕಾಯಿಯೋ ಹುರುಳಿಕಾಯಿಯೋ ಎಂಬಲ್ಲಿಂದ ಹಿಡಿದು ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಎಂಬವರೆಗೆ ಎಲ್ಲ ತೀರ್ಪೂ ಹೆಂಡತಿಯದೇ. ಹಾಗಾಗಿ ನಾನು ಜೆ.ಪಿ. ನಗರದ ಒಂದು ಪಬ್ಬಿನಲ್ಲಿ ಭಾನುವಾರ ಸಂಜೆ ಕ್ವಿಜ್ ನಡೆಸುತ್ತೇನೆ. ಜ್ಞಾನಪ್ರಸಾರಕ್ಕೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರೂ, ನಿಜವಾಗಿ ಅದು ಮೈಕು ಹಿಡಿದು "ಕ್ವಿಜ್ ಮಾಸ್ಟರ್ ತೀರ್ಪೇ ಅಂತಿಮ" ಎನ್ನುವ ಸುಖಕ್ಕೆ. ನಾನು ಕುಡಿಯುವುದು ನಿಂಬೆ ಸೋಡಾ. ಅಮಲು ಮಾತ್ರ ಆ ವಾಕ್ಯದ್ದು.

ಬಜರ್ ಬದಲು ಗಂಟೆ ಇಡೋಣವೆಂದು ಒಮ್ಮೆ ದೇವರ ಮನೆಗೆ ಕೈ ಹಾಕಿದೆ. "ಬಾರ್‌ಗೆ ದೇವರ ಗಂಟೆನಾ? ಮುಟ್ಟಿ ನೋಡೋಣ!" ಎಂದಳು ಹೆಂಡತಿ. ಮುಟ್ಟಲಿಲ್ಲ. ಜಯನಗರ ಫೋರ್ತ್ ಬ್ಲಾಕಿನಿಂದ ಪುಟ್ಟ ಹಿತ್ತಾಳೆ ಗಂಟೆಗಳನ್ನು ಕೊಂಡು ತಂದೆ. ಆ ಭಾನುವಾರ ಪಬ್ಬಿನಲ್ಲಿ ಅವನ್ನು ಟೇಬಲ್ಲಿಗೊಂದರಂತೆ ಇಡುತ್ತಾ ಹೋಗಿ ಮೂಲೆಯ ಪರದೆ ಸರಿಸಿದರೆ ಅಲ್ಲೂ ಒಂದು ಟೇಬಲ್ಲು. ಯಾರೂ ಇರಲಿಲ್ಲ. ಬಾಳೆಎಲೆಯ ಮೇಲೆ ಬಿಸಿ ಮುದ್ದೆ, ಕೋಳಿಸಾರು, ತುಂಬಿದ ಬ್ರಾಂದಿ ಗ್ಲಾಸು, ಪಕ್ಕದಲ್ಲಿ ಊದುಬತ್ತಿ. ಈಗೀಗ ಪಬ್ಬಿನಲ್ಲಿ ಬಾಳೆಎಲೆ ಊಟವೂ ಫ್ಯಾಷನ್ನು, ಊದುಬತ್ತಿ ಸೊಳ್ಳೆಗಿರಬೇಕು, ಗಿರಾಕಿಗಳು ಸಿಗರೇಟಿಗೆ ಹೋಗಿರಬೇಕು. ಯಾವ ಪ್ರಶ್ನೆಗೂ ಉತ್ತರ ಹೊಂದಿಸಿಕೊಳ್ಳುವುದು ನನ್ನ ಚಾಳಿ. ಗಂಟೆ ಇಟ್ಟು ಪರದೆ ಎಳೆದು ಬೋರ್ಡಿನಲ್ಲಿ "ಮೂಲೆ ಟೀಮು" ಎಂದು ಬರೆದೆ.

ಅಮಾವಾಸ್ಯೆಯಾದ್ದರಿಂದ ಜನ ಕಡಿಮೆ. "ಈ ಬಡಾವಣೆ ಆಗೋ ಮೊದಲು ಈ ಜಾಗದಲ್ಲಿ ಏನು ಬೆಳೀತಿದ್ರು?" ಎಂದು ಕೇಳಿದ್ದೇ ತಡ, ಪರದೆಯ ಹಿಂದೆ ಗಂಟೆ ಬಾರಿಸಿತು.

"ಹೇಳಿ, ಮೂಲೆ ಟೀಮು!"

ಸದ್ದಿಲ್ಲ. ಗಂಟೆ ಹೊಡೆದು ಬಾಯಿ ಬಿಡದಿದ್ದರೆ ಮೈನಸ್ಸು, ಅದು ನನ್ನದೇ ಕಾನೂನು. ಹಾಕಿದೆ. "ಸರಿಯುತ್ತರ, ಭತ್ತ" ಎಂದೆ. ಗಂಟೆ ಮತ್ತೆ ಬಾರಿಸಿತು, ಈ ಸಲ ಬಿಡದೆ, ಸಿಟ್ಟು ಬಂದವರ ಹಾಗೆ. "ವಾದ ಬೇಡ, ಕ್ವಿಜ್ ಮಾಸ್ಟರ್ ತೀರ್ಪೇ ಅಂತಿಮ" ಎಂದು ಇನ್ನೊಂದು ಮೈನಸ್ಸು ಹಾಕಿದೆ. ಗಂಟೆ ತಟ್ಟನೆ ನಿಂತಿತು. ಎದುರು ಟೇಬಲ್ಲಿನ ಹುಡುಗಿ ಮೆಲ್ಲಗೆ, "ಸಾರ್, ನಾವು ಬಂದಾಗಿಂದ ಆ ಪರದೆ ಹಿಂದೆ ಯಾರೂ ಹೋಗಿಲ್ಲ" ಎಂದಳು.

ಆಗ ಪಬ್ಬಿನ ಮಾಲೀಕ ನಂಜಪ್ಪ ಬಂದರು. ಕಟ್ಟಡವೂ ಅವರದೇ, ಹಿಂದೆ ಇಲ್ಲಿದ್ದ ಹೊಲವೂ ಅವರದೇ. ಪರದೆಯ ಮುಂದೆ ನಿಂತು ಜೋರಾಗಿ ಕೆಮ್ಮಿ, ಸ್ವಲ್ಪ ತಡೆದು ಪರದೆ ಸರಿಸಿದರು.

"ಇದೇನ್ ಸಾರ್, ಎಡೆ ಹತ್ರ ಗಂಟೆ?"

"ಎಡೆನಾ?"

"ಪಿತೃಪಕ್ಷ ಅಲ್ವಾ? ನಮ್ಮವ್ವ ಇದ್ದ ಮನೆ ಕೆಡವೇ ಇದನ್ನ ಕಟ್ಟಿದ್ದು. ಅದಕ್ಕೇ ಇಲ್ಲೇ ಎಡೆ ಇಟ್ಟು, ಮರೆ ಮಾಡಿ, ದೂರ ಹೋಗ್ತೀವಿ. ಬಂದು ತಿನ್ಕೊಂಡ್ ಹೋಗ್ಲಿ ಅಂತ. ವಾಪಸ್ ಬರೋವಾಗ ಕೆಮ್ಮಬೇಕು, ಇಲ್ಲಾಂದ್ರೆ ಹಿರೀಕರಿಗೆ ಮುಜುಗರ."

ಬ್ರಾಂದಿ ಅರ್ಧಕ್ಕೆ ಇಳಿದಿತ್ತು. "ಏಸಿ ಗಾಳಿಗೆ ಗಂಟೆ..." ಎಂದು ತೊದಲಿದೆ.

"ಏಸಿ ಕೆಟ್ಟು ಕೂತಿದೆ ಸಾರ್." ಅವರ ಕಣ್ಣು ಬೋರ್ಡಿನ ಮೇಲೆ ಬಿತ್ತು. "ಅಯ್ಯೋ, ನಮ್ಮವ್ವಂಗೆ ಮೈನಸ್ ಹಾಕಿದ್ದೀರಾ? ಭತ್ತ ಬೆಳೆಯೋಕೆ ಇಲ್ಲಿ ನೀರೆಲ್ಲಿತ್ತು? ರಾಗಿ ಸಾರ್, ರಾಗಿ! ಇದೇ ಹೊಲದಲ್ಲಿ ಕಳೆ ಕಿತ್ತವಳು ಅವಳು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಡೀ ವಾರದಲ್ಲಿ ನನ್ನ ಮಾತು ನಡೆಯುವ ಜಾಗ ಇದೊಂದೇ, ಬಿಟ್ಟುಕೊಡಲು ಮನಸ್ಸಿಲ್ಲ. "ಕ್ವಿಜ್ ಮಾಸ್ಟರ್ ತೀರ್ಪೇ..." ಎಂದು ಶುರು ಮಾಡಿದೆ. ಯಾರೂ ಮುಟ್ಟದ ಗಂಟೆ, ನಮ್ಮೆಲ್ಲರ ಕಣ್ಣೆದುರೇ, ಟಿಣ್ ಎಂದಿತು.

ಅಂಗೈಯಲ್ಲೇ ಮೈನಸ್ಸುಗಳನ್ನು ಒರೆಸಿದೆ. "ತಪ್ಪಾಯ್ತು ಅಜ್ಜಿ" ಎಂದು ಮೈಕಿನಲ್ಲೇ ಹೇಳಿದೆ. ಮೂಲೆ ಟೀಮು ಗೆದ್ದಿತು. ಯಾರೂ ಆಕ್ಷೇಪಿಸಲಿಲ್ಲ.

ಮನೆಗೆ ಬಂದು ಒಂದೇ ಉಸಿರಿಗೆ ಎಲ್ಲ ಹೇಳಿದರೆ ಹೆಂಡತಿ, "ಸದ್ಯ, ಅಲ್ಲೂ ನಿಮ್ಮನ್ನ ತಿದ್ದೋಕೆ ಒಬ್ರು ಇದ್ದಾರಲ್ಲ" ಎಂದು ನೆಮ್ಮದಿಯಿಂದ ಮಗ್ಗುಲು ಬದಲಿಸಿದಳು. ಈಗ ಪ್ರತಿ ಭಾನುವಾರ ಸರಿಯುತ್ತರ ಹೇಳುವ ಮೊದಲು ಪರದೆಯತ್ತ ತಿರುಗಿ ಒಮ್ಮೆ ಕೆಮ್ಮಿ, ಸ್ವಲ್ಪ ಕಾಯುತ್ತೇನೆ. ಕಷ್ಟವೇನೂ ಆಗಿಲ್ಲ. ಬಾಯಿ ತೆರೆಯುವ ಮುಂಚೆ ಕೆಮ್ಮಿ ಕಾಯುವುದು ಮನೆಯಲ್ಲಿ ಮದುವೆಯಾದಾಗಿನಿಂದಲೂ ರೂಢಿ.